ಲುವೀನಕ್ಕ ಇಟ್ಟ ಮರದ ತುಂಡು

ಲುವೀನಕ್ಕನ ಜಗಲಿಯಲ್ಲಿ ಕೂತು ಜಡೆ ಹೆಣೆಸಿಕೊಳ್ಳದ ಹೆಂಗಸು ನಮ್ಮೂರು ಟಾಲಿವರ್‌ನಲ್ಲಿ ಯಾರೂ ಇರಲಿಲ್ಲ. ಮದುವೆಗೂ ಅವಳೇ, ಸಾವಿಗೂ ಅವಳೇ. ತಲೆ ಅವಳ ಕೈಗೆ ಸಿಕ್ಕಿತೆಂದರೆ ಒಳಗಿನ ಗುಟ್ಟೂ ಸಿಕ್ಕಿದ ಹಾಗೆ.

ಮೂರನೆಯ ಸಲ ನದಿ ಒಡ್ಡು ಹಾರಿ ಬಂದು ಊರಿನ ಮನೆಗಳ ಜೊತೆ ಆ ಜಗಲಿಯನ್ನೂ ಕಿತ್ತುಕೊಂಡು ಹೋಯಿತು. ಗುಲಾಮಗಿರಿಯಿಂದ ಬಿಡುಗಡೆಯಾದ ನಮ್ಮ ಮುತ್ತಜ್ಜಂದಿರಿಗೆ ಬಿಳಿಯರು ಮಾರಿದ್ದು ಈ ತಗ್ಗನ್ನು. ಎತ್ತರದ ನೆಲವನ್ನು ಅವರೇಕೆ ಬಿಟ್ಟಾರು?

ಊರು ಮತ್ತೆ ಕಟ್ಟಲು ವಿಶ್ವವಿದ್ಯಾಲಯದವರು ಬಂದರು. ಒಳ್ಳೆಯವರೇ, ಬೈಯೋಣವೆಂದರೆ ಅದಕ್ಕೂ ಆಸ್ಪದವಿಲ್ಲ. ಚರ್ಚಿನಲ್ಲಿ ದೊಡ್ಡ ನಕ್ಷೆ ಹಾಸಿ, ಮನೆಗೊಂದು ಮರದ ತುಂಡು ಕೊಟ್ಟು, ಬೇಕಾದಲ್ಲಿ ಇಡಿ ಎಂದರು. ಹಳೆಯ ಜಾಗವಾದರೆ ಎರಡಾಳೆತ್ತರದ ಕಂಬಗಳ ಮೇಲೆ ಮನೆ. ಹೆದ್ದಾರಿಯಾಚೆಯ ದಿಣ್ಣೆಯಾದರೆ ನೆಲದ ಮೇಲೇ. ಆದರೆ ದಿಣ್ಣೆ ಪಕ್ಕದ ಪಟ್ಟಣದ್ದು. ಎಲ್ಲರೂ ಅಲ್ಲಿಗೆ ಹೋದರೆ ಟಾಲಿವರ್ ಎಂಬ ಊರೇ ಇರುವುದಿಲ್ಲ.

"ನಾನಂತೂ ಇಲ್ಲೇ ಕಣೇ. ನನ್ ಹೆಣಾನೂ ಇಲ್ಲಿಂದ್ಲೇ ಹೋಗ್ಬೇಕು," ಎಂದು ಲುವೀನಕ್ಕ ಚರ್ಚಿಗೆ ಬರುವ ದಾರಿಯುದ್ದಕ್ಕೂ ನನಗೆ ಹೇಳಿದ್ದಳು.

ತುಂಡು ಹಿಡಿದು ಎಲ್ಲರೂ ನಕ್ಷೆಯ ಸುತ್ತ ನೆರೆದರು. ಓಪಲಜ್ಜಿ ಬಾಯಿ ಬಿಟ್ಟಳು: "ಅಷ್ಟು ಮೆಟ್ಲಾ? ನನ್ ಮಂಡಿ ಅರ್ಧಕ್ಕೇ ಕೈ ಕೊಡುತ್ತೆ. ಲುವೀನಾ, ನೀನು ಮೇಲಿಂದ ಬಾಚಣಿಗೆ ಎಸಿ, ನಾನೇ ಬಾಚ್ಕೋತೀನಿ!"

ಎಲ್ಲರೂ ನಕ್ಕರು. ಲುವೀನಕ್ಕ ನಗಲಿಲ್ಲ. ಸುತ್ತ ನಿಂತಿದ್ದ ಮುದುಕಿಯರ ಊರುಗೋಲುಗಳನ್ನು ನೋಡಿದಳು. ಆಮೇಲೆ ತನ್ನ ತುಂಡನ್ನು ಮೆಲ್ಲಗೆ ದಿಣ್ಣೆಯ ಮೇಲಿಟ್ಟಳು.

ಮರುಗಳಿಗೆ ಓಪಲಜ್ಜಿಯದು ಅದರ ಪಕ್ಕ ಬಂತು. ಆಮೇಲೆ ಅವಳ ತಂಗಿಯದು. ಚರ್ಚಿನ ಹಿರಿಯ ರೂಫಸ್, "ಹೆಂಗಸ್ರೆಲ್ಲ ಹೋದ್ಮೇಲೆ ನಾನೊಬ್ನೇ ಕಂಬ ಹತ್ತಿ ಕಾಗೆ ಓಡಿಸ್ಲಾ?" ಎನ್ನುತ್ತಾ ತನ್ನದನ್ನೂ ಇಟ್ಟ. ದಿಣ್ಣೆ ತುಂಬಿತು. ನಕ್ಷೆಯಲ್ಲಿ ಟಾಲಿವರ್ ಬರಿಯ ಕಾಗದವಾಗಿ ಉಳಿಯಿತು.

"ಯಾಕ್ರೇ, ಎಲ್ರೂ ದಿಣ್ಣೆಗೆ ಬಂದ್ರಿ?" ಎಂದು ಲುವೀನಕ್ಕ ಕೇಳಿದಳು.

"ನೀನು ಹೊರಟ್ಯಲ್ಲಾ!" ಎಂದಳು ಓಪಲಜ್ಜಿ. "ನೀನು ಊರಲ್ಲೇ ಇರ್ತೀಯ ಅಂತ ನಂಬಿ ತಮಾಷೆ ಮಾಡ್ದೆ ಕಣೇ. ನೀನು ಇದ್ದಿದ್ರೆ ತೆವಳ್ಕೊಂಡಾದ್ರೂ ಹತ್ತುತ್ತಿದ್ದೆ."

"ನಿನ್ ಮಂಡಿಗೋಸ್ಕರಾನೇ ನಾನು ದಿಣ್ಣೆಗಿಟ್ಟಿದ್ದು," ಎಂದಳು ಲುವೀನಕ್ಕ.

ತನ್ನ ತುಂಡು ಹಿಂದಕ್ಕೆ ತೆಗೆಯಲು ಕೈ ಚಾಚಿದಳು. ಆದರೆ ಯಾರೂ ತಮ್ಮದನ್ನು ಮುಟ್ಟಲಿಲ್ಲ. ಒಮ್ಮೆ ಇಟ್ಟ ಮೇಲೆ ಎಲ್ಲರಿಗೂ ಮಂಡಿಯ ನೋವು ನೆನಪಾಗಿತ್ತು, ನೀರಿನ ಭಯವೂ ನೆನಪಾಗಿತ್ತು. ಅವಳ ಕೈ ಹಾಗೇ ಹಿಂದೆ ಬಂತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಅಳುವೂ ಬಂತು.

ಅವಳು ನನ್ನ ಮುಷ್ಟಿಯನ್ನು ನೋಡಿದಳು. ಇನ್ನೂ ಇಡದೆ ಉಳಿದದ್ದು ನನ್ನ ತುಂಡೊಂದೇ.

"ನೀನಾದ್ರೂ ಊರಲ್ಲಿ ಇರೇ," ಎಂದಳು.

ಒಂದು ಮನೆಯನ್ನು ಊರು ಎನ್ನುತ್ತಾರೆಯೇ? ನಾನು ಅವಳ ಮುಖ ನೋಡದೆ, ನನ್ನ ತುಂಡನ್ನು ಅವಳದರ ಪಕ್ಕಕ್ಕೇ ಇಟ್ಟೆ.