ಮುನಿಯಮ್ಮ ತೂಗದ ಒಂದು ಮೂಟೆ

ಬೆಳಗಿನ ಆರು ಗಂಟೆ. ಬಾಳ್ಳುಪೇಟೆಯ ಹೆದ್ದಾರಿ ಪಕ್ಕದ ಕಾಫಿ ಕಣದ ಬೀಗ ತೆಗೆದ ಕೂಡಲೇ ಮುನಿಯಮ್ಮ ಮಾಡುವ ಮೊದಲ ಕೆಲಸ, ತೂಕದ ಯಂತ್ರದ ಮೇಲೊಂದು ಮೂಟೆ ಎಳೆದು ಕೂರಿಸುವುದು. ತೂಕ ಶುರುವಾಗುವವರೆಗೂ ಅದು ಅಲ್ಲೇ ಸುಮ್ಮನೆ ಕೂತಿರುತ್ತದೆ. ಇವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹರಡಿದ ಕಾಫಿಯಲ್ಲಿ ಬರಿಗಾಲಿನಿಂದ ಸಾಲು ಎಳೆಯುತ್ತಾ ನಡೆಯುತ್ತಾರೆ.

ಪಾಳ್ಯದಿಂದ ಮೊದಲ ಬಸ್ಸಿಗೆ ಬರುವ ಇವರಿಗೆ ಐವತ್ತನಾಲ್ಕು. ಗಂಡ ತೀರಿಕೊಂಡ ವರ್ಷ ಕಣಕ್ಕೆ ಬಂದವರು, ಇಪ್ಪತ್ತೆರಡು ಸುಗ್ಗಿ ಕಂಡಿದ್ದಾರೆ. ದಿನಕ್ಕೆ ಅರವತ್ತು ಮೂಟೆ ತೂಗುತ್ತಾರೆ. ಹಿಮ್ಮಡಿ ಬಿರುಕು ಬಿಟ್ಟು ಹೋಗಿದೆ. ಕಾಫಿ ಒಣಗಿದೆಯೇ ಎಂದು ತಿಳಿಯಲು ಒಂದು ಬೀಜ ಹಲ್ಲಿಗಿಟ್ಟರೆ ಸಾಕು. "ಹದ ಮೀರಿ ಒಣಗಿದ್ರೆ ಪುಡಿ ಆಗ್ಬುಡ್ತದೆ ಕಣ್ರೀ."

ಆ ಮೂಟೆಯ ಕತೆ ಎರಡು ವರ್ಷದ ಹಿಂದಿನ ಸುಗ್ಗಿಯದು. ಕಣದ ಹಿಂದೆಯೇ ಭರತನಾಟ್ಯದ ಕ್ಲಾಸು. ಅಲ್ಲಿ ಕಲಿಯುತ್ತಿದ್ದ ಹದಿನೈದರ ದೀಪಶ್ರೀ ('ಹೆಸರು ಹಾಕಿ, ನಾಚಿಕೆಯಿಲ್ಲ' ಎಂದು ಅವಳೇ ಹೇಳಿದ್ದಾಳೆ) ದಿನಾ ಬಂದು ಯಂತ್ರ ಹತ್ತುತ್ತಿದ್ದಳು. ದಪ್ಪಗಿರುವವರು ಮುಂದಿನ ಸಾಲಿಗೆ ಬೇಡ ಎಂದು ಯಾರೋ ಆಡಿದ ಮಾತು ತಲೆಹೊಕ್ಕಿತ್ತು. ತೂಕ ಇಳಿದರೆ ಹುಡುಗಿಗೆ ಖುಷಿ, ಮುಳ್ಳು ನೋಡಿ ಹೇಳುತ್ತಿದ್ದ ಮುನಿಯಮ್ಮನಿಗೂ ಖುಷಿ. ಎರಡು ತಿಂಗಳಾದ ಮೇಲೆ ಒಂದು ದಿನ, ಇಳಿಸಲು ಕೈ ಹಿಡಿದರೆ ಬರೀ ಮೂಳೆ. "ಇನ್ನೂ ದಪ್ಪ ಇದೀನಿ ಅಲ್ವಾ ಮುನಿಯಕ್ಕ?" ಎಂದಳಂತೆ.

"ಕಾಫಿ ಒಣಗಿದ್ರೆ ಸರಿ, ಮಗ ಒಣಗಿದ್ರೆ? ತೂಗಿ ತೂಗಿ ಹೇಳ್ದೋಳು ನಾನೇ ಅಲ್ವಾ."

ಅಂದೇ ಕೂಲಿ ಬಿಟ್ಟು ಹುಡುಗಿಯ ಮನೆಗೆ ಹೋದರು. "ವಯಸ್ಸಿನ ಹುಡುಗಿ ಸಣ್ಣಗಾದ್ರೆ ನಿಂಗೇನಮ್ಮ?" ಎಂದು ತಾಯಿ ಗಂಗಾಮಣಿ ಬಾಗಿಲಲ್ಲೇ ಗದರಿದರು. ಮುನಿಯಮ್ಮ ಜಗ್ಗುವ ಪೈಕಿಯೇ? ಜಗಲಿಯ ಮೇಲೆ ಕೂತೇಬಿಟ್ಟರು. "ಡಾಕ್ಟ್ರತ್ರ ಕರ್ಕೊಂಡೋಗೋಗಂಟ ನಾನ್ ಏಳಾಕಿಲ್ಲ ಕಣವ್ವ."

ಇದು ಹುಡುಗಿಯ ಹಟವಲ್ಲ, ಇಲ್ಲದ ದಪ್ಪ ಕನ್ನಡಿಯಲ್ಲಿ ಕಾಣಿಸುವ ಕಾಯಿಲೆ ಎಂದರು ಹಾಸನದ ವೈದ್ಯರು. ವರ್ಷಕ್ಕೂ ಹೆಚ್ಚು ಕಾಲ ಚಿಕಿತ್ಸೆ ನಡೆಯಿತು. ಮೊದಮೊದಲು ಹುಡುಗಿ ಮುನಿಯಮ್ಮನ ಮುಖ ನೋಡಲಿಲ್ಲ, ಆದರೆ ಕದ್ದು ಬಂದು ಯಂತ್ರ ಹತ್ತುವುದನ್ನೂ ಬಿಡಲಿಲ್ಲ. ಆಗಲೇ ಈ ಮೂಟೆ ಅಲ್ಲಿ ಬಂದು ಕೂತದ್ದು.

ಮೊನ್ನೆ ಸಂಕ್ರಾಂತಿಗೆ ದೀಪಶ್ರೀ ಸಕಲೇಶಪುರದಲ್ಲಿ ಕುಣಿದಳು. ಮುನಿಯಮ್ಮನನ್ನು ಕೈಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದವರು ಅದೇ ಗಂಗಾಮಣಿ. "ಒಂದು ಗಂಟೆ ಕುಣುದ್ಲು, ಒಂದ್ಸಲನೂ ಏದುಸ್ರು ಬುಡ್ಲಿಲ್ಲ!" ಎನ್ನುವಾಗ ಇವರ ಮುಖ ನೋಡಬೇಕು. ಕೇಳುತ್ತಾ ನಿಂತ ನನಗೇ ಹೆಮ್ಮೆಯಾಗುತ್ತದೆ.

ಈಗ ಹುಡುಗಿ ಎಷ್ಟು ತೂಗುತ್ತಾಳೆ ಎಂದು ಕೇಳುತ್ತೇನೆ. ಮುನಿಯಮ್ಮ ಮೂಟೆಯ ಮೇಲೆ ಕೈಯಿಟ್ಟು ನಗುತ್ತಾರೆ.

"ನಂಗೇನ್ ಗೊತ್ತು? ನಾನ್ ತೂಗೋದು ಕಾಫಿ."