ಕೊನೆಯ ಹುಡುಗಿ ಹತ್ತುವವರೆಗೆ

ಅವರ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಬಸ್ಸಿನ ಬಾಗಿಲು ಬಡಿದು ಹಾಗಾಗಿದ್ದು ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲ. ಆ ಕಾಲನ್ನು ನಾನು ದಿನಾ ಬೆಳಿಗ್ಗೆ ನೋಡಿದವಳು. ಎಡಗಾಲು ಬಸ್ಸಿನ ಮೆಟ್ಟಿಲ ಮೇಲೆ, ಬಲಗಾಲು ನೆಲದ ಮೇಲೆ, ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಬಾಗಿಲ ಕಂಬಿ. ನಮ್ಮ ಹಿಂದಿ ಮೇಡಂ ಹಾಗೆ ನಿಂತುಬಿಟ್ಟರೆ ಬಸ್ಸು ಹೊರಡುವಂತೆಯೇ ಇರಲಿಲ್ಲ.

ನಮ್ಮೂರು ದೊಡ್ಡ ರಸ್ತೆಯಿಂದ ಒಳಗಿದೆ. ಕ್ರಾಸಿನವರೆಗೆ ನಡೆದು ಬಂದು, ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸು ಹಿಡಿದು ನಾವು ಹೈಸ್ಕೂಲಿಗೆ ಹೋಗಬೇಕಿತ್ತು. ಪಾಸಿನ ಹುಡುಗಿಯರ ಗುಂಪು ಕಂಡರೆ ಡ್ರೈವರು ಹಿಂದೆ ಇನ್ನೊಂದು ಬಸ್ಸು ಬರ್ತಿದೆ ಎಂದು ಕೈಸನ್ನೆ ಮಾಡಿ ಹೋಗಿಬಿಡುತ್ತಿದ್ದ. ಹಿಂದೆ ಯಾವ ಬಸ್ಸೂ ಬರುತ್ತಿರಲಿಲ್ಲ. ಚಳ್ಳಕೆರೆಯಲ್ಲೇ ಹತ್ತಿ ಬರುತ್ತಿದ್ದ ಮೇಡಂ ಕಿಟಕಿಯಿಂದ ಇದನ್ನು ನೋಡಿ ನೋಡಿ ಒಂದು ಉಪಾಯ ಹುಡುಕಿದರು. ಶಾಲೆಯ ಊರಿಗೆ ಟಿಕೆಟ್ ತೆಗೆದುಕೊಳ್ಳುವ ಬದಲು ನಮ್ಮ ಕ್ರಾಸಿಗೆ ತೆಗೆದುಕೊಳ್ಳತೊಡಗಿದರು. ಇಳಿಯುವವರಿದ್ದರೆ ನಿಲ್ಲಿಸಲೇಬೇಕಲ್ಲ! ಆದರೆ ಅವರು ಪೂರ್ತಿ ಇಳಿಯುತ್ತಿರಲಿಲ್ಲ. ಒಂದು ಕಾಲು ಕೆಳಗಿಟ್ಟು ನಮ್ಮನ್ನೆಲ್ಲ ಹತ್ತಿಸಿ, ಆಮೇಲೆ ತಾವೂ ಹತ್ತಿ, ಕಂಡಕ್ಟರ ಮುಂದೆ ಕೈ ಚಾಚಿ ಇನ್ನೊಂದು ಟಿಕೆಟ್ ಕೇಳುತ್ತಿದ್ದರು.

“ಏಮ್ ಮೇಡಮ್ಮಾ, ದಿನಾ ಇದೇ ಆತಲ್ಲ ನಿಮ್ದು. ಟೈಮಾಗ್ತೈತೆ,” ಎಂದು ಗಡಿ ಕಡೆಯ ಆ ಕಂಡಕ್ಟರು ತೆಲುಗು ಬೆರೆಸಿ ಗೊಣಗುತ್ತಿದ್ದ.

“ಆಗ್ಲಿ ಬಿಡ್ರಿ. ಕೊನೇ ಹುಡುಗಿ ಹತ್ಲಿ,” ಎನ್ನುತ್ತಿದ್ದರು ಮೇಡಂ. ಆ ಮಾತನ್ನು ಎಷ್ಟು ಸಲ ಕೇಳಿದೆನೋ.

ಪ್ರಾರ್ಥನೆಯ ಹೊತ್ತಿಗೆ ಪೇಪರಿನ ಸುದ್ದಿ ಓದಿ ಮುಗಿದ ಮೇಲೆ ಶಾಲೆಯ ಸುದ್ದಿ ಹೇಳುವ ಪದ್ಧತಿ ತಂದವರೂ ಅವರೇ. ಪ್ರತಿಭಾ ಕಾರಂಜಿಯಲ್ಲಿ ಹಾಡಿ ಬಂದವಳು, ಚಿತ್ರ ಬರೆದವನು, ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಖೋ ಖೋ ತಂಡ ಜಿಲ್ಲೆಯಲ್ಲಿ ಗೆದ್ದ ಮಾರನೆಯ ದಿನ ನನ್ನನ್ನು ಮುಂದೆ ನಿಲ್ಲಿಸಿ, “ಇವಳು ಬಸ್ಸಿನ ಹಿಂದೆ ಓಡಿ ಓಡಿ ಕಲಿತಿದ್ದಾಳೆ, ಇವಳನ್ನ ಯಾರು ಮುಟ್ಟೋಕಾಗುತ್ತೆ?” ಎಂದಿದ್ದರು. ಶಾಲೆಗೆ ಶಾಲೆಯೇ ನಕ್ಕಿತ್ತು. ನಾನು ಮನೆಗೆ ಹೋಗಿ ಅವ್ವನಿಗೆ ಅದನ್ನೇ ಹೇಳಿದ್ದೇ ಹೇಳಿದ್ದು.

ನಾನು ಹತ್ತನೇ ತರಗತಿಗೆ ಬಂದಾಗ ಆ ಬಸ್ಸನ್ನು ದೊಡ್ಡ ಊರುಗಳಲ್ಲಷ್ಟೇ ನಿಲ್ಲುವ ಎಕ್ಸ್‌ಪ್ರೆಸ್ ಮಾಡಿದರು. ನಮ್ಮ ಕ್ರಾಸಿಗೆ ಟಿಕೆಟ್ಟೇ ಕೊಡುವುದಿಲ್ಲ ಎಂದರು. ಮೇಡಂ ಉಪಾಯಕ್ಕೆ ಕಲ್ಲು ಬಿತ್ತು. ನಾವು ಲಗೇಜ್ ಆಟೊದ ಹಿಂದೆ ನಿಂತು ಹೋಗತೊಡಗಿದೆವು. ಒಂದು ದಿನ ಅದರ ಹಿಂಬಾಗಿಲ ಕೊಂಡಿ ಕಳಚಿ ಒಂಬತ್ತನೇ ತರಗತಿಯ ಹುಡುಗಿ ರಸ್ತೆಗೆ ಬಿದ್ದು ಕೈ ಮುರಿದುಕೊಂಡಳು. ಓದಿಸಿದ್ದು ಸಾಕು ಎಂದು ಊರಿನ ಅಪ್ಪಂದಿರು ಮಾತಾಡಿಕೊಂಡರು. ಆಗ ಮೇಡಂ ನಮ್ಮೂರಿಗೇ ಬಂದು, ಕಟ್ಟೆಯ ಮೇಲೆ ಕೂತಿದ್ದವರ ಮುಂದೆ ನಿಂತು, “ಹೆಣ್ಣುಮಕ್ಕಳನ್ನ ಬಿಡಿಸಬೇಡಿ. ದಾರಿ ಜವಾಬ್ದಾರಿ ನಂದು,” ಎಂದರು. ಅಪ್ಪ ಎದ್ದು ಕೈಮುಗಿದ.

ಆ ಸಂಜೆ ಅವರನ್ನು ಕ್ರಾಸಿನವರೆಗೆ ಬಿಡಲು ನಾನೊಬ್ಬಳೇ ಹೋಗಿದ್ದೆ. ದಾರಿಯಲ್ಲಿ ಹೇಳಿದರು: “ನಾಳೆ ಬಸ್ಸು ಬರೋ ಹೊತ್ತಿಗೆ ಎಲ್ರೂ ರಸ್ತೆ ಮೇಲೆ ಕೂತುಬಿಡಿ. ನಾನು ಒಳಗಿರ್ತೀನಿ, ಇಳಿದು ಬಂದು ನಿಮ್ಮ ಜೊತೇಲಿ ಕೂತ್ಕೋತೀನಿ. ಹೆದರಬೇಡ, ನಾನಿದ್ದೀನಿ.”

ಹುಡುಗಿಯರಿಗೆಲ್ಲ ನಾನೇ ಹೇಳಿ ಒಪ್ಪಿಸಿದೆ. ಮಾರನೆಯ ಬೆಳಿಗ್ಗೆ ಕೂತೆವು. ಬಸ್ಸು ನಿಂತಿತು. ಹಿಂದೆ ಲಾರಿಗಳು ಸಾಲುಗಟ್ಟಿದವು. ಡ್ರೈವರು ಬೈದ, ಯಾರೋ ಫೋನಿನಲ್ಲಿ ವಿಡಿಯೊ ಮಾಡಿದರು. ಮೇಡಂ ಮುಂದಿನ ಕಿಟಕಿಯ ಪಕ್ಕದಲ್ಲೇ ಇದ್ದರು. ನಾನು ಅವರನ್ನೇ ನೋಡುತ್ತಿದ್ದೆ. ಈಗ ಏಳುತ್ತಾರೆ, ಈಗ ಏಳುತ್ತಾರೆ ಎಂದುಕೊಂಡೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಆಚೆ ಕಡೆ ತಿರುಗಿದರು.

ಹೆಡ್‌ಮೇಷ್ಟ್ರ ಕೋಣೆಗೆ ನನ್ನನ್ನೂ ಅಪ್ಪನನ್ನೂ ಕರೆಸಿದರು. ಬಸ್ ಡಿಪೋದವರು ಕುರ್ಚಿ ಹಾಕಿಕೊಂಡು ಕೂತಿದ್ದರು, ಮೇಡಂ ಪಕ್ಕದಲ್ಲಿ ನಿಂತಿದ್ದರು. ಯಾರು ಹೇಳಿಕೊಟ್ಟದ್ದು ಎಂದು ಕೇಳಿದಾಗ ನಾನು ಧೈರ್ಯವಾಗಿಯೇ ಮೇಡಂ ಕಡೆ ನೋಡಿ, “ಮೇಡಮ್ಮೋರು,” ಎಂದೆ. ಒಪ್ಪಿಕೊಳ್ಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

“ನಾನಾ? ನಾನ್ಯಾಕಮ್ಮ ಹಂಗೆ ಹೇಳ್ಲಿ?” ಎಂದರು ಮೇಡಂ. ಅದೇ ಪ್ರಾರ್ಥನೆಯ ಹೊತ್ತಿನ ಮೆತ್ತನೆಯ ದನಿ.

ಅಪ್ಪ ಎಲ್ಲರಿಗೂ ಕೈಮುಗಿದು ನನ್ನನ್ನು ಮನೆಗೆ ಕರೆದುಕೊಂಡು ಬಂದ. “ರಸ್ತೆ ಮ್ಯಾಲೆ ಕೂತಿದ್ದಕ್ಕೆ ನಂಗೇನೂ ಸಿಟ್ಟಿಲ್ಲ ಕಣವ್ವ. ಅಂಥ ಮೇಡಮ್ಮೋರ ಮ್ಯಾಲೆ ಸುಳ್ಳು ಹೇಳಿದೆಯಲ್ಲ,” ಎಂದ. ಅವ್ವ ಎಷ್ಟು ಅತ್ತರೂ ಮರುದಿನದಿಂದ ನನ್ನನ್ನು ಶಾಲೆಗೆ ಕಳಿಸಲಿಲ್ಲ. ವಿಭಾಗಮಟ್ಟದ ಆಟಕ್ಕೆ ತಂಡ ನಾನಿಲ್ಲದೆ ಹೋಗಿ ಸೋತು ಬಂತು.

ಬಸ್ಸು ಮಾತ್ರ ನಮ್ಮ ಕ್ರಾಸಿನಲ್ಲಿ ನಿಲ್ಲತೊಡಗಿತು. ಅದನ್ನು ಮೇಡಂ ಶಾಲೆಯ ಸುದ್ದಿಯಲ್ಲಿ ಹೇಳಿದರಂತೆ, ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ನನ್ನ ಹೆಸರು ಬಂತಾ ಎಂದು ಗೆಳತಿಯನ್ನು ಕೇಳಿದೆ. ಅವಳು ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ ಕೂತಳು. ಅದಾಗಿ ಸ್ವಲ್ಪ ದಿನಕ್ಕೆ ಮೇಡಂಗೆ ಚಳ್ಳಕೆರೆಯಲ್ಲೇ ಮನೆ ಹತ್ತಿರದ ಶಾಲೆಗೆ ವರ್ಗವಾಯಿತು. ಅದಕ್ಕಾಗಿ ಬಹಳ ದಿನದಿಂದ ಓಡಾಡುತ್ತಿದ್ದರಂತೆ, ಗಲಾಟೆಯಲ್ಲಿ ಹೆಸರು ಬಂದಿದ್ದರೆ ಸಿಗುತ್ತಿರಲಿಲ್ಲವಂತೆ. ಇರಬಹುದು. ಹೆದರಿದ್ದರು ಎಂದು ಈಗ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಒಳಗಿನ ಉರಿ ತಣ್ಣಗಾಗುವುದಿಲ್ಲ. ಡ್ರೈವರು ನಿಲ್ಲಿಸದೆ ಹೋದದ್ದನ್ನು ನಾನು ಎಂದೋ ಮರೆತೆ. ಅವನು ನನಗೆ ಮಾತು ಕೊಟ್ಟಿರಲಿಲ್ಲ.

ಸೋದರಮಾವನ ಮನೆಯಲ್ಲಿದ್ದುಕೊಂಡು ಪರೀಕ್ಷೆ ಕಟ್ಟಿ ಪಾಸು ಮಾಡಿದೆ. ಈಗ ಮೊಳಕಾಲ್ಮೂರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಮೊನ್ನೆ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೇಡಂ ತೀರಿಕೊಂಡ ಸುದ್ದಿ ಬಂತು. ತಾಯಿಯಂಥವರು, ದೇವರಂಥವರು ಎಂದು ಒಬ್ಬರ ಹಿಂದೆ ಒಬ್ಬರು ಬರೆದರು. ನಾನು ಏನೂ ಬರೆಯಲಿಲ್ಲ. ಮಣ್ಣಿಗೂ ಹೋಗಲಿಲ್ಲ.

ಆ ಸಂಜೆ ಅವ್ವನನ್ನು ನೋಡಲು ಊರಿಗೆ ಹೊರಟಿದ್ದೆ. ಶಾಲೆಯ ಊರಿನಲ್ಲಿ ಬಸ್ಸು ನಿಂತಾಗ ಹುಡುಗಿಯರ ಗುಂಪು ನುಗ್ಗಿತು. ಬಾಗಿಲಲ್ಲಿದ್ದ ನಾನು ಜಾಗ ಬಿಡಲೆಂದು ಕೆಳಗಿಳಿದೆ. ಕಂಡಕ್ಟರು ಸೀಟಿ ಬಾಯಿಗಿಟ್ಟ. ಅಷ್ಟರಲ್ಲಿ ಶಾಲೆಯ ಗೇಟಿನಿಂದ ಒಬ್ಬಳು ಬ್ಯಾಗು ಎದೆಗವಚಿಕೊಂಡು ಓಡಿ ಬರುವುದು ಕಂಡಿತು. ನೋಡುತ್ತೇನೆ, ನನ್ನ ಎಡಗಾಲು ಮೆಟ್ಟಿಲ ಮೇಲಿದೆ, ಬಲಗಾಲು ನೆಲದ ಮೇಲಿದೆ.

“ಒಳಗೆ ಬಾರಕ್ಕ, ಟೈಮಾಗ್ತೈತೆ.”

“ಆಗ್ಲಿ ಬಿಡ್ರಿ. ಕೊನೇ ಹುಡುಗಿ ಹತ್ಲಿ.”

ಹುಡುಗಿ ಹತ್ತಿದಳು, ಏದುಸಿರು ಬಿಡುತ್ತ ನನ್ನ ಮುಖ ನೋಡಿ ನಕ್ಕಳು. ನನಗೆ ಅಳು ಬಂತು. ಅವತ್ತು ಆ ಕಿಟಕಿಯಿಂದ ಎದ್ದು ಬಂದು ಆ ಕಾಲನ್ನು ನನಗಾಗಿ ಒಂದೇ ಒಂದು ಸಲ ನೆಲಕ್ಕಿಟ್ಟಿದ್ದರೆ, ಇವತ್ತು ಎಲ್ಲರಿಗಿಂತ ಮೊದಲು ಮಣ್ಣಿಗೆ ಹೋಗುತ್ತಿದ್ದವಳು ನಾನೇ.