ಫ್ಲಾಪಿಗೆ ಹಚ್ಚಿದ ವಿಭೂತಿ

ಕೊಟ್ಟಿಗೆಯ ಸಗಣಿ ಬಾಚುವುದು, ಎರಡು ಹಸುಗಳ ಹಾಲು ಕರೆದು ಡೈರಿಗೆ ಮುಟ್ಟಿಸುವುದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು, ಬೀದಿಯ ನೀರಿನ ತೊಂಬೆಯಿಂದ ಆರು ಕೊಡ ಹೊರುವುದು, ಹಂಡೆಗೆ ಉರಿ ಹಾಕುವುದು, ಮಾವನ ಲಿಂಗಪೂಜೆಗೆ ಹೂವು ಪತ್ರೆ ಬಿಡಿಸಿಡುವುದು, ಗಂಡನ ಡಬ್ಬಿಗೆ ಚಿತ್ರಾನ್ನ, ಮಗಳಿಗೆ ಅದು ಸೇರದ ಕಾರಣ ಅವಳ ಡಬ್ಬಿಗೆ ಬೇರೆ ಏನಾದರೂ. ಹೆಡತಲೆ ಊರಿನ ಸರ್ವಮಂಗಳಾ ಇಷ್ಟನ್ನೂ ದಿನಾ ಬೆಳಕು ಹರಿಯುವ ಮೊದಲೇ ಮುಗಿಸುತ್ತಿದ್ದಳು. 2004ರ ಆ ಸೋಮವಾರ ಇಪ್ಪತ್ತು ಜನರ ಅಡುಗೆಗೆ ತರಕಾರಿಯನ್ನೂ ಹೆಚ್ಚಿಟ್ಟಳು. ಮಧ್ಯಾಹ್ನ ಮನೆಯಲ್ಲಿ ಮಠದ ಸ್ವಾಮಿಗಳ ಪಾದಪೂಜೆ. ಮಾವ ಶಿವಮಲ್ಲಪ್ಪ ದಿನ ಗೊತ್ತುಮಾಡಿ ತಿಂಗಳಾಗಿತ್ತು. ಅದೇ ದಿನ ನಂಜನಗೂಡಿನಲ್ಲಿ ಪರೀಕ್ಷೆ ಎಂಬ ಕಾಗದ ಬಂದು ನಾಲ್ಕೇ ದಿನವಾಗಿತ್ತು.

ಪಿಯುಸಿ ಮುಗಿಸಿ ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವಳು ಅವಳು. ಇಪ್ಪತ್ತಾರನೆಯ ವಯಸ್ಸಿನಲ್ಲಿ, ವೆಬ್‌ಸೈಟು ಮಾಡುವುದನ್ನು ಕಲಿಸುವ ವಿಶ್ವವಿದ್ಯಾಲಯದ ಅಂಚೆ ಕೋರ್ಸೊಂದಕ್ಕೆ ಸೇರಿದಳು. ಕೋರ್ಸಿನಲ್ಲಿ ಐದು ಘಟಕಗಳು. ಮೂರು ವರ್ಷದೊಳಗೆ ಒಂದೊಂದನ್ನೂ ಅನುಕೂಲವಾದಾಗ ಬರೆದು ಮುಗಿಸಬಹುದು ಎಂಬುದಕ್ಕೇ ಸೇರಿದ್ದು. ಕಬ್ಬು ಕಡಿಯುವ ಆಳುಗಳಿಗೆ ಬೇಯಿಸಿ ಹಾಕುವ ತಿಂಗಳುಗಳಲ್ಲಿ ಪುಸ್ತಕ ಮುಚ್ಚಿಡುತ್ತಿದ್ದಳು, ಅತ್ತೆ ಕಾಲು ಮುರಿದುಕೊಂಡ ವರ್ಷ ತೆಗೆಯಲೇ ಇಲ್ಲ. ಕಂಪ್ಯೂಟರು ಕೈಗೆ ಸಿಗುತ್ತಿದ್ದುದು ಭಾನುವಾರ ಎರಡು ಗಂಟೆ, ನಂಜನಗೂಡಿನ ಅಧ್ಯಯನ ಕೇಂದ್ರದಲ್ಲಿ. ಉಳಿದ ದಿನ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕೀಬೋರ್ಡ್ ಬರೆದುಕೊಂಡು, ರಾಗಿ ಹಿಟ್ಟಿನ ಎಸರು ಕಾಯುವಷ್ಟು ಹೊತ್ತು ಅದರ ಮೇಲೆ ಬೆರಳಾಡಿಸುತ್ತಿದ್ದಳು.

"ಓದ್ಕೊ ಓಗು, ನಾನೇನ್ ಬ್ಯಾಡ ಅನ್ನಲ್ಲ. ಮನೆ ಕೆಲ್ಸ ಮಾತ್ರ ನಿಲ್ಲಂಗಿಲ್ಲ" ಎಂದಿದ್ದ ಗಂಡ ಬಸವೇಶ್. ಕೆಲಸ ಎಂದೂ ನಿಲ್ಲಲಿಲ್ಲ. ಹಾಗಾಗಿ ಅವನ ಮಟ್ಟಿಗೆ ಆ ಕೋರ್ಸು ಇದ್ದೂ ಇಲ್ಲದ ಹಾಗೆ.

ನಾಲ್ಕು ಘಟಕ ಪಾಸಾಗಿದ್ದವು. ಐದನೆಯದಕ್ಕೆ ತಾನೇ ಮಾಡಿದ ವೆಬ್‌ಸೈಟನ್ನು ಫ್ಲಾಪಿಯಲ್ಲಿ ತಂದು ಪರೀಕ್ಷಕರಿಗೆ ತೋರಿಸಬೇಕು. ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ಓಡುವ ಬಸ್ಸುಗಳ ವೇಳೆಯನ್ನು ಕಂಡಕ್ಟರುಗಳನ್ನೇ ಕೇಳಿ ಬರೆದುಕೊಂಡು, ಊರಿಗೊಂದರಂತೆ ಐದು ಪುಟ ಮಾಡಿದ್ದಳು. ಇದೊಂದು ಮುಗಿದರೆ ನರಸೀಪುರದ ಶಾಲೆಯೊಂದು ಕಂಪ್ಯೂಟರ್ ಟೀಚರ್ ಕೆಲಸ ಕೊಡುತ್ತೇನೆಂದಿತ್ತು.

ಫ್ಲಾಪಿಯನ್ನು ದೇವರ ಗೂಡಿನಲ್ಲಿಟ್ಟಿದ್ದಳು. ಮಗಳು ಕೈ ಹಾಕದ ಜಾಗ ಆ ಮನೆಯಲ್ಲಿ ಅದೊಂದೇ.

ಹೊರಡುವ ಹೊತ್ತಿಗೆ ಅತ್ತೆ ಪುಟ್ಟಬಸಮ್ಮ ಅದನ್ನು ತಾನೇ ತಂದು ಕೈಗಿಟ್ಟಳು. "ನಿನ್ ಪರೀಕ್ಸೆ ಬಿಲ್ಲೆಗೂ ಈಬೂತಿ ಅಚ್ಚಿವ್ನಿ ಕನವ್ವ. ಮ್ಯಾಲೆ ಅಚ್ಚುದ್ರೆ ಉದ್ರೋಯ್ತದೆ ಅಂತ ಆ ತಗಡು ಸರಿಸಿ ಒಳಿಕ್ಕೇ ಒತ್ತಿವ್ನಿ."

"ಒಳಿಕ್ಕಾ ಅತ್ತೆ?"

"ಊ ಕನಾ, ಗಟ್ಟಿಯಾಗೆ. ಅನ್ನೊಂದೂವರೆ ಬಸ್ಸಿಗೆ ಬಂದ್ಬುಡು. ಈ ಮಂಡಿ ಇಟ್ಕಂಡು ಸ್ವಾಮಿಗೊಳ್ಗೆ ನಾನು ಅಡ್ಗೆ ಮಾಡಕಾದದಾ?"

ಮೂರು ವರ್ಷದಲ್ಲಿ ಆ ಓದಿಗಾಗಿ ಮನೆಯವರೊಬ್ಬರು ಮಾಡಿದ ಮೊದಲ ಕೆಲಸ ಅದು. ಸರ್ವಮಂಗಳಾ ಫ್ಲಾಪಿ ಹಿಡಿದುಕೊಂಡು ಬಸ್ಸಿಗೆ ನಡೆದಳು.

ಬಸ್ಸಿನಲ್ಲಿ ಅದರ ತಗಡು ಸರಿಸಿ ಸೆರಗಿನ ತುದಿಯಿಂದ ಒರೆಸಿದಳು. ಒರೆಸಿದಷ್ಟೂ ಒಳಗಿನಿಂದ ಬಿಳಿ ಪುಡಿ ಬರುತ್ತಲೇ ಇತ್ತು. ಅಂಗೈ ಬೆವರಿ ಪುಡಿ ಅಂಟಾಯಿತು. ಪಕ್ಕದ ಸೀಟಿನಲ್ಲಿದ್ದ ತಮ್ಮೂರಿನ ಮಾದಮ್ಮ ಕೆಣಕಿದಳು: "ಏನವ್ವ ಮಂಗಳಾ, ನಿನ್ ಇಸ್ಕೂಲು ಇನ್ನೂ ಮುಗಿನಿಲ್ವಾ? ನಿನ್ಗಿಂತ ಮುಂಚೆ ನಿನ್ ಮಗಳೇ ಪಾಸಾಯ್ತಾಳೆ ಬುಡು." ಸರ್ವಮಂಗಳಾ ಫ್ಲಾಪಿಯನ್ನು ಮಗುಚಿ ಇನ್ನೊಂದು ಬದಿ ಒರೆಸಿದಳು.

ಕೇಂದ್ರದಲ್ಲಿ ಅವಳ ಸರದಿ ಬಂದಾಗ ಹತ್ತೂಕಾಲು. ಫ್ಲಾಪಿ ನುಂಗಿದ ಕಂಪ್ಯೂಟರು ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದಿತು. ಮೈಸೂರಿನಿಂದ ಬಂದಿದ್ದ ಪರೀಕ್ಷಕರು ಮೂರು ಸಲ ಹಾಕಿ ತೆಗೆದರು. ಬೆರಳಿಗಂಟಿದ ಪುಡಿಯನ್ನು ಮೂಸಿ ನೋಡಿ, ಏನೂ ಕೇಳದೆ ಕರವಸ್ತ್ರಕ್ಕೆ ಒರೆಸಿಕೊಂಡರು.

"ಇದನ್ನ ಓದೋಕಾಗ್ತಿಲ್ಲಮ್ಮ. ಇನ್ನೊಂದು ಕಾಪಿ ಇಲ್ವಾ?"

ಇರಲಿಲ್ಲ. ಕೇಂದ್ರದ ಕಂಪ್ಯೂಟರುಗಳಲ್ಲಿ ಉಳಿದದ್ದನ್ನು ಭಾನುವಾರ ಸಂಜೆಯೇ ಅಳಿಸಿಬಿಡುತ್ತಿದ್ದರು.

"ಹಾಗಾದ್ರೆ ಇಲ್ಲೇ ಕೂತು ಹೊಸದಾಗಿ ಮಾಡಿ. ಹನ್ನೆರಡೂವರೆವರೆಗೂ ಟೈಮ್ ಕೊಡ್ತೀನಿ. ಆಗಲ್ಲ ಅಂದ್ರೆ ಗೈರುಹಾಜರಿ ಅಂತ ಬರೀತೀನಿ. ಆದ್ರೆ ನಿಮ್ಮ ಮೂರು ವರ್ಷ ಈ ತಿಂಗಳಿಗೆ ಮುಗಿಯುತ್ತೆ. ಮತ್ತೆ ಸೇರಿದ್ರೆ ಮೊದಲನೇ ಘಟಕದಿಂದ ಬರೀಬೇಕು."

"ಮನೇಲಿ ಪೂಜೆ ಇದೆ ಸಾರ್. ಅಡುಗೆಗೆ ನಾನೇ ಆಗಬೇಕು."

"ಫೋನ್ ಮಾಡಿ ಕೇಳ್ಕೊಂಡು ಬನ್ನಿ. ಎದುರಿಗೇ ಬೂತ್ ಇದೆ."

ಬೂತಿನೊಳಗೆ ಹೋಗಿ ರಿಸೀವರ್ ಕಿವಿಗಿಟ್ಟಳು. ಮನೆಯಲ್ಲಿ ಫೋನ್ ಎತ್ತುವವರು ಮಾವ, ಬೈಯುವವರಲ್ಲ. "ಮತ್ತೆ ಅಡ್ಗೆ ಯಾರವ್ವ ಮಾಡೋರು?" ಎಂದಷ್ಟೇ ಕೇಳುತ್ತಾರೆ. ಹತ್ತು ವರ್ಷದಿಂದ ಆ ಪ್ರಶ್ನೆಗೆ ಆ ಮನೆಯಲ್ಲಿ ಇದ್ದುದು ಒಂದೇ ಉತ್ತರ, ಕೇಳಿದ ಕೂಡಲೇ ಅದು ತನ್ನ ಬಾಯಿಂದಲೇ ಬರುತ್ತದೆ. ಕೇಳದೆ ಉಳಿದರೆ? ಸ್ವಾಮಿಗಳು ಬಂದು ಮಣೆಯ ಮೇಲೆ ಕೂತಿರುತ್ತಾರೆ, ಒಲೆಯಲ್ಲಿ ಉರಿ ಇರುವುದಿಲ್ಲ. ಊರಿಡೀ ಆಡಿಕೊಳ್ಳುತ್ತದೆ. ಬಸವೇಶ್ ಇನ್ನು ಬಸ್ಸು ಹತ್ತಲು ಬಿಡುವುದೇ ಇಲ್ಲವೇನೋ. ಇಷ್ಟಾಗಿ, ಎರಡು ಗಂಟೆಯಲ್ಲಿ ಐದು ಪುಟ ಮಾಡಲು ಆಗದೆಯೂ ಹೋಗಬಹುದು. ಆಗ ಅದೂ ಇಲ್ಲ, ಇದೂ ಇಲ್ಲ.

ಮೊದಲ ಅಂಕಿ ಒತ್ತಿದಳು, ಎರಡನೆಯದನ್ನೂ ಒತ್ತಿದಳು. ಆಮೇಲೆ ರಿಸೀವರನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟಳು.

"ಏನಂದ್ರು?" ಎಂದರು ಪರೀಕ್ಷಕರು.

"ನಾನು ಕೇಳೋಕೇ ಹೋಗಲಿಲ್ಲ ಸಾರ್" ಎಂದಳು. ಗಡಿಯಾರ ಕಾಣದ ಮೂಲೆಯಲ್ಲಿದ್ದ ಕಂಪ್ಯೂಟರನ್ನು ಕೇಳಿ ಪಡೆದು, ಹಾಜರಿ ಹಾಳೆಯಲ್ಲಿ ಸಹಿ ಹಾಕಿದಳು. ಕುರ್ಚಿ ಎಳೆದುಕೊಂಡು ಕೂತಳು.